ನಾಚಿಕೆ ಮೀನು, ಸೋಮೇಶ್ವರ ಮತ್ತು ರಾಣಿಯ ಕೊಳ

ಹೊಸಪೇಟೆಯ ನಮ್ಮ ನಡುಮನೆಯಲ್ಲೊಂದು ಪುಟ್ಟ ಕೊಳ ಮಾಡುತ್ತಿದ್ದೇನೆ. ನಾಚಿಕೆ ಸ್ವಭಾವದ ಮೀನುಗಳಿಗೆ ನೆರಳು, ಅವಿತುಕೊಳ್ಳಲು ಗಿಡ, ಹೊತ್ತಿಗೆ ಸರಿಯಾಗಿ ತಿಂಡಿ ಬೇಕು.

ತಿಂಡಿಯ ವಿಚಾರ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನಿಗೆ ಚೆನ್ನಾಗಿ ಗೊತ್ತಿತ್ತು. 1129ರ ಸುಮಾರಿನ 'ಮಾನಸೋಲ್ಲಾಸ'ದ ಮತ್ಸ್ಯವಿನೋದದಲ್ಲಿ ಯಾವ ಮೀನಿಗೆ ಯಾವ ಆಹಾರ ಅಂತ ಬರೆದಿದ್ದಾನೆ. ಖುಷಿಪಡಬೇಡಿ, ಉಣಿಸಿದ್ದು ಗಾಳ ಹಾಕೋಕೆ!

ನೆರಳಿನ ಪಾಠಕ್ಕೆ ಹಂಪಿಯ ರಾಣಿ ಸ್ನಾನಗೃಹ ನೋಡಿ. (ರಾಣಿಯೇ ಮೀಯುತ್ತಿದ್ದಳು ಅನ್ನೋಕೆ ಆಧಾರವಿಲ್ಲ, ಬಿಡಿ.) ಕಟ್ಟಡದೊಳಗೇ ಸುಮಾರು 15 ಮೀಟರ್ ಚೌಕದ ಕೊಳ. ಸುತ್ತ ಕಮಾನಿನ ಪಡಸಾಲೆ, ನೀರಿನ ಮೇಲೆ ಚಾಚಿದ ಮೊಗಸಾಲೆಗಳು, ನೆತ್ತಿಗೆ ಬಯಲು ಆಕಾಶ. ಅಂಚಿನಲ್ಲಿ ನೆರಳು, ನಡುವೆ ಬಿಸಿಲು.. ಮೀನಿಗೂ ತಾವರೆಗೂ ಇನ್ನೇನು ಬೇಕು?

1565ರಲ್ಲಿ ರಾಜಧಾನಿ ಹಾಳಾದ ಮೇಲೆ ಈ ಕೊಳವನ್ನು ಕೇಳುವವರಿಲ್ಲ, ಒಣಗಿ ನಿಂತಿದೆ. ಅದೇ ಕಾಲದ ತುರ್ತು ಕಾಲುವೆ ಮಾತ್ರ ಇಂದಿಗೂ ಹಂಪಿಯ ಗದ್ದೆ, ಬಾಳೆತೋಟಗಳಿಗೆ ಹರಿಯುತ್ತಿದೆ.