ಬೀದಿಯನ್ನು ಬಿಟ್ಟುಕೊಡುವ ಕಾನೂನು: ಯಾರ ದಾರಿ, ಯಾರ ಒಪ್ಪಿಗೆ?

ಸಾರ್ವಜನಿಕ ರಸ್ತೆಯೊಂದರಲ್ಲಿ ವರ್ಷಗಟ್ಟಲೆ ಯಾರೂ ಓಡಾಡದಿದ್ದರೂ ಅದು ಸಾರ್ವಜನಿಕ ರಸ್ತೆಯಾಗಿಯೇ ಉಳಿಯುತ್ತದೆ. ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿಯೇ ಎಂಬುದು ಇಂಗ್ಲೆಂಡಿನ ರೂಢಿಗತ ಕಾನೂನಿನ ಹಳೆಯ ಸೂತ್ರ. ಭಾರತದ ನ್ಯಾಯಾಲಯಗಳೂ ಅದನ್ನು ಒಪ್ಪಿಕೊಂಡು ಬಂದಿವೆ. ಆದರೆ ಊರು ಬೆಳೆದಂತೆ ಆಸ್ಪತ್ರೆಗೋ ರೈಲು ನಿಲ್ದಾಣಕ್ಕೋ ಹಳೆಯ ಓಣಿಯೊಂದು ಅಡ್ಡ ಬರುವುದುಂಟು. ಬೇಡವಾದ ದಾರಿಯನ್ನು ಬಿಟ್ಟುಕೊಡಲು ಕಾನೂನು ಕಂಡುಕೊಂಡ ಮಾರ್ಗಗಳ ಚರಿತ್ರೆಯಲ್ಲಿ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ: ದಾರಿ ಬೇಡವೆಂದು ತೀರ್ಮಾನಿಸುವವರು ಯಾರು? ಅದಕ್ಕೆ ಮೊದಲು ಯಾರನ್ನು ಕೇಳಬೇಕು? ದಾರಿ ಕಳೆದುಕೊಂಡ ಜನಕ್ಕೆ ಸಿಗುವುದೇನು?

ಇಂಗ್ಲೆಂಡಿನಲ್ಲಿ ಮೊದಲು ದಾರಿ ಮುಚ್ಚಲು ರಾಜಾಜ್ಞೆ ಬೇಕಿತ್ತು. ದಾರಿ ಮುಚ್ಚಿದರೆ ಯಾರಿಗೆ ಎಷ್ಟು ಹಾನಿ ಎಂದು ಪಂಚರು ವಿಚಾರಿಸಿ ವರದಿ ಕೊಡುತ್ತಿದ್ದರು. ಆ ವಿಧಾನ ದುಬಾರಿ, ನಿಧಾನ. 1815ರ ಕಾಯ್ದೆಯಿಂದ, ದಾರಿಯೊಂದು ಅನಗತ್ಯವೆಂದು ಇಬ್ಬರು ಸ್ಥಳೀಯ ಮ್ಯಾಜಿಸ್ಟ್ರೇಟರು ಹೇಳಿದರೆ ಮುಚ್ಚಬಹುದೆಂದಾಯಿತು. ಆ ಹುದ್ದೆಯಲ್ಲಿದ್ದವರು ಹೆಚ್ಚಾಗಿ ಜಮೀನುದಾರರೇ. ಜನರ ಕಾಲುದಾರಿಗಳು ಒಂದೊಂದಾಗಿ ಎಸ್ಟೇಟುಗಳ ಬೇಲಿಯೊಳಗೆ ಸೇರತೊಡಗಿದವು. ಇದನ್ನು ಎದುರಿಸಲು 1824ರಲ್ಲಿ ಯಾರ್ಕ್‌ನಲ್ಲಿ, 1826ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾಲುದಾರಿ ರಕ್ಷಣೆಯ ಸಂಘಗಳು ಹುಟ್ಟಿದವು. 1835ರ ಹೆದ್ದಾರಿ ಕಾಯ್ದೆ ವಿಧಾನವನ್ನು ಬಿಗಿಗೊಳಿಸಿತು: ಮುಚ್ಚಲಿರುವ ದಾರಿಯ ಎರಡು ತುದಿಗಳಲ್ಲೂ, ಪತ್ರಿಕೆಯಲ್ಲೂ, ಚರ್ಚಿನ ಬಾಗಿಲಲ್ಲೂ ನೋಟಿಸು ಹಾಕಬೇಕು. ಇಂದು ಅಲ್ಲಿ ಜಾರಿಯಲ್ಲಿರುವ 1980ರ ಕಾಯ್ದೆಯ 116ನೇ ಪ್ರಕರಣವೂ, ದಾರಿ ಅನಗತ್ಯವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವ ಹೊಣೆಯನ್ನು ರಸ್ತೆ ಪ್ರಾಧಿಕಾರದ ಮೇಲೆಯೇ ಹೊರಿಸುತ್ತದೆ.

ಮೂರನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ್ದು ಅಮೆರಿಕ. ಅಲ್ಲಿನ ಹಲವು ರಾಜ್ಯಗಳಲ್ಲಿ ನಗರಕ್ಕಿರುವುದು ರಸ್ತೆಯ ಮೇಲಿನ ಸಂಚಾರದ ಹಕ್ಕು ಮಾತ್ರ. ಅದನ್ನು ಕೈಬಿಟ್ಟರೆ ನೆಲವು ನಡುಗೆರೆಯವರೆಗೆ ಇಕ್ಕೆಲದ ಮಾಲೀಕರಿಗೆ ಸೇರುತ್ತದೆ. ಹಾಗಾದರೆ ಸಾರ್ವಜನಿಕರ ಪಾಲೇನು? ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ರಸ್ತೆಗೆ ತಾಗಿದ ಆಸ್ತಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನದರ ಮಾಲೀಕರು ಅರ್ಜಿ ಹಾಕಬಹುದು. ನಗರವು ಬಹಿರಂಗ ವಿಚಾರಣೆ ನಡೆಸಬೇಕು. ನೆಲದ ಅಂದಾಜು ಬೆಲೆಯ ಅರ್ಧದಷ್ಟನ್ನು, 25 ವರ್ಷ ಅಥವಾ ಹೆಚ್ಚು ಕಾಲ ಸಾರ್ವಜನಿಕ ರಸ್ತೆಯಾಗಿದ್ದ ಜಾಗವಾದರೆ ಪೂರ್ತಿ ಬೆಲೆಯನ್ನೇ, ಕೇಳಬಹುದು. ನೀರಿನಂಚಿಗೆ ತಲುಪುವ ರಸ್ತೆಗಳಿಗಂತೂ ವಿಶೇಷ ರಕ್ಷಣೆ ಇದೆ. 2016ರ ಮೇ 2ರಂದು ಅದೇ ರಾಜ್ಯದ ಸಿಯಾಟಲ್ ನಗರಸಭೆ, ಕ್ರೀಡಾಂಗಣಕ್ಕಾಗಿ ಆಕ್ಸಿಡೆಂಟಲ್ ಅವೆನ್ಯೂದ ಒಂದು ಭಾಗವನ್ನು ಬಿಟ್ಟುಕೊಡುವ ಪ್ರಸ್ತಾವವನ್ನು 5–4 ಮತಗಳಿಂದ ತಳ್ಳಿಹಾಕಿತು. ಬಿಟ್ಟುಕೊಟ್ಟ ಮೇಲೆ ಮನಸ್ಸು ಬದಲಿಸಿದ ಉದಾಹರಣೆಯೂ ಇದೆ. ನ್ಯೂಯಾರ್ಕಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ಗಾಗಿ 1960ರ ದಶಕದಲ್ಲಿ ನುಂಗಿಹೋಗಿದ್ದ ಗ್ರೀನಿಚ್ ಮತ್ತು ಫುಲ್ಟನ್ ಬೀದಿಗಳನ್ನು, 2001ರ ದಾಳಿಯ ನಂತರ ಮರುನಿರ್ಮಾಣ ಮಾಡುವಾಗ ಆ ಜಾಗದ ಮೂಲಕ ಮತ್ತೆ ಹಾಯಿಸಲಾಯಿತು.

ಭಾರತದ ನಗರ ಕಾನೂನುಗಳು ಬ್ರಿಟಿಷರ ಕಾಲದಲ್ಲಿ ರೂಪುಗೊಂಡವು. 1888ರ ಮುಂಬಯಿ ಪಾಲಿಕೆ ಕಾಯ್ದೆಯ ಪ್ರಕಾರ, ಬೀದಿ ಮುಚ್ಚುವುದನ್ನು ತೀರ್ಮಾನಿಸುವ ಸಭೆಗೆ ಒಂದು ತಿಂಗಳು ಮೊದಲೇ ಆಯಾ ಬೀದಿಯಲ್ಲೇ ನೋಟಿಸು ಹಚ್ಚಿ, ಬಂದ ಆಕ್ಷೇಪಣೆಗಳನ್ನು ಪಾಲಿಕೆ ಪರಿಶೀಲಿಸಬೇಕು. 1919ರ ಮದ್ರಾಸ್ ನಗರ ಪಾಲಿಕೆ ಕಾಯ್ದೆ ಶಾಶ್ವತ ಮುಚ್ಚುಗಡೆಗೆ ಸರ್ಕಾರದ ವಿಶೇಷ ಮಂಜೂರಾತಿಯನ್ನು ಕಡ್ಡಾಯ ಮಾಡಿತು, ತೊಂದರೆಗೊಳಗಾದವರಿಗೆ ಪರಿಹಾರವನ್ನೂ ವಿಧಿಸಿತು.

ರಸ್ತೆ ಪಾಲಿಕೆಯ ಸ್ವಂತ ಸೊತ್ತೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಭಾರತದ ಮಂಗಲೌರ್ ಪುರಸಭೆಯ ಪ್ರಕರಣದಲ್ಲಿ ಉತ್ತರ ಕೊಟ್ಟಿತು. 1965ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನಲ್ಲಿ, ದಾರಿಯ ಜಾಗದಲ್ಲಿ ಗಾಂಧೀಜಿ ಪ್ರತಿಮೆ, ಗ್ರಂಥಾಲಯ, ಅರವಟಿಗೆ ಕಟ್ಟಲು ಹೊರಟ ಪುರಸಭೆಗೆ ಅವಕಾಶ ಸಿಗಲಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಪುರಸಭೆಗೆ ವಹಿಸಿರುವುದು ದಾರಿಯನ್ನು ದಾರಿಯಾಗಿ ನೋಡಿಕೊಳ್ಳುವ ಅಧಿಕಾರವೇ ಹೊರತು ನೆಲದ ಒಡೆತನವಲ್ಲ ಎಂದು ನ್ಯಾಯಾಲಯ ಹೇಳಿತು.

ಕರ್ನಾಟಕದಲ್ಲಿ ಎರಡು ಹಾದಿಗಳಿವೆ. ಬೆಂಗಳೂರನ್ನು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳ ಮಿತಿಯಲ್ಲಿ 1976ರ ಪಾಲಿಕೆ ಅಧಿನಿಯಮವು ರಸ್ತೆಯನ್ನು ಶಾಶ್ವತವಾಗಿ ಮುಚ್ಚಲು, ಆ ಜಾಗವನ್ನು ವಿಲೇವಾರಿ ಮಾಡಲು ಅವಕಾಶ ಕೊಡುತ್ತದೆ. ಕಂದಾಯ ಭೂಮಿಯ ದಾರಿಗಳಿಗೆ 1964ರ ಭೂಕಂದಾಯ ಅಧಿನಿಯಮದ 68ನೇ ಪ್ರಕರಣ ಅನ್ವಯಿಸುತ್ತದೆ: ದಾರಿ ಬೇಕಿಲ್ಲವೆನಿಸಿದರೆ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಕರೆದು, ವಿಚಾರಣೆ ಮಾಡಿದ ಮೇಲೆಯೇ ಜನರ ಹಕ್ಕನ್ನು ಕೊನೆಗಾಣಿಸಬಹುದು. ಬೆಂಗಳೂರಿನಂಥ ನಗರದ ಅಂಚಿನಲ್ಲಿ ಇದರ ಮಹತ್ವ ದೊಡ್ಡದು. ಗ್ರಾಮ ನಕಾಶೆಯಲ್ಲಿ ಕಾಣುವ ಬಂಡಿದಾರಿ, ಕಾಲುದಾರಿಗಳು ಪಹಣಿಯಲ್ಲಿ ‘ಬಿ ಖರಾಬು’ ಆಗಿ ದಾಖಲಾಗಿರುತ್ತವೆ, ಅಂದರೆ ಸಾರ್ವಜನಿಕ ಬಳಕೆಗೆ ಮೀಸಲು. ಸುತ್ತಲ ಹೊಲವೆಲ್ಲ ಲೇಔಟ್ ಆದಾಗ ಇಂಥ ದಾರಿಗೆ ಕಾಂಪೌಂಡ್ ಎದ್ದರೂ ಹಕ್ಕು ತಾನಾಗಿ ಅಳಿಯುವುದಿಲ್ಲ. ವಿಧಿವತ್ತಾದ ಆದೇಶವಿಲ್ಲದಿದ್ದರೆ ಅದು ಒತ್ತುವರಿಯೇ.

ಈ ಎರಡು ಶತಮಾನಗಳ ಅನುಭವ ಹೇಳುವುದಿಷ್ಟು: ನಿರ್ಧಾರ ಕೆಲವೇ ಜನರ ಕೈಗೆ ಸಿಕ್ಕು, ಬಳಸುವವರ ಮಾತು ಕೇಳದೆ ಹೋದಾಗಲೆಲ್ಲ ದಾರಿ ಬಲವುಳ್ಳವರ ಪಾಲಾಗಿದೆ. ರಾಜ್ಯಪತ್ರದ ಅಧಿಸೂಚನೆ ಆ ದಾರಿಯಲ್ಲಿ ನಡೆಯುವ ಹೂವಾಡಗಿತ್ತಿಗೂ ಶಾಲೆಯ ಮಕ್ಕಳ ತಂದೆತಾಯಿಗೂ ತಲುಪುವುದಿಲ್ಲ. ನೋಟಿಸು ದಾರಿಯ ಎರಡೂ ತುದಿಗಳಲ್ಲಿ ಕನ್ನಡದಲ್ಲಿ, ನಕ್ಷೆಯೊಂದಿಗೆ ಇರಬೇಕು. ಜಾಗದ ಪೂರ್ಣ ಬೆಲೆ ವಸೂಲಾಗಬೇಕು, ಆ ಹಣ ಅದೇ ವಾರ್ಡಿನ ಪಾದಚಾರಿ ಮಾರ್ಗಕ್ಕೋ ಉದ್ಯಾನಕ್ಕೋ ಹೋಗಬೇಕು. ಮಾರಿದ ದುಡ್ಡು ಒಂದು ವರ್ಷದ ಆಯವ್ಯಯದಲ್ಲಿ ಕರಗಿಹೋಗುತ್ತದೆ. ಅದೇ ದಾರಿ ಮುಂದಿನ ತಲೆಮಾರಿಗೆ ಬೇಕೆನಿಸಿದರೆ ಭೂಸ್ವಾಧೀನವೊಂದೇ ಗತಿ. ಆದ್ದರಿಂದ ಸಂದೇಹವಿದ್ದಲ್ಲಿ ದಾರಿಯನ್ನು ಉಳಿಸಿಕೊಳ್ಳುವುದೇ ನ್ಯಾಯ.