ಹೈಬ್ರಿಡ್

ಲ್ಯಾಟಿನ್ನಿನ ‘ಹಿಬ್ರಿಡಾ’ ಎಂದರೆ ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ. ಇಂಗ್ಲಿಷಿನಿಂದ ಬಂದ ಪದವನ್ನು ಕನ್ನಡದ ಬಾಯಿಗೆ ಒಗ್ಗಿಸಿದವರು ರೈತರು. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಹೊಲಕ್ಕಿಳಿದ ‘ವರಲಕ್ಷ್ಮಿ’ ಹತ್ತಿ ಎರಡು ಪ್ರಭೇದಗಳ ಹೈಬ್ರಿಡ್. ಉತ್ತರ ಕರ್ನಾಟಕದ ಸಂತೆಗಳಲ್ಲಿ ಈಗಲೂ ‘ಹೈಬ್ರಿಡ್ಡೋ, ಜವಾರಿಯೋ (ನಾಟಿಯೋ)?’ ಎಂದು ಕೇಳಿಯೇ ಕಾಯಿಪಲ್ಲೆ ಕೊಳ್ಳುತ್ತಾರೆ.

ಮೊಬೈಲ್ ಲೋಕದಲ್ಲಿ ಇದೇ ಪದಕ್ಕೆ ಬೇರೆ ಕೆಲಸ. ಐಫೋನಿಗೆ ಸ್ವಿಫ್ಟ್, ಆಂಡ್ರಾಯ್ಡಿಗೆ ಕೋಟ್ಲಿನ್ ಎಂದು ಬೇರೆಬೇರೆಯಾಗಿ ಬರೆದದ್ದು ನೇಟಿವ್ ಆ್ಯಪ್. ಬ್ರೌಸರಿನಲ್ಲೇ ತೆರೆಯುವುದು ವೆಬ್ ಆ್ಯಪ್. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಪುಟಗಳನ್ನು ‘ವೆಬ್‌ವ್ಯೂ’ ಎಂಬ, ಆ್ಯಪಿನೊಳಗಿನ ಬ್ರೌಸರ್ ಕಿಟಕಿಯಲ್ಲಿ ಕೂರಿಸಿ, ಕ್ಯಾಮೆರಾ, ಜಿಪಿಎಸ್‌ಗೆ ಪ್ಲಗಿನ್ ಜೋಡಿಸಿ, ಆ್ಯಪ್ ಸ್ಟೋರಿನಿಂದ ಇಳಿಸಿಕೊಳ್ಳುವಂತೆ ಮಾಡಿದರೆ ಹೈಬ್ರಿಡ್. 2009ರಲ್ಲಿ ಬಂದ ಫೋನ್‌ಗ್ಯಾಪ್ ಎಂಬ ಸಾಧನ ಈ ದಾರಿಯನ್ನು ಜನಪ್ರಿಯಗೊಳಿಸಿತು. ಒಂದೇ ಕೋಡ್ ಎರಡೂ ಬಗೆಯ ಫೋನಿಗೆ ಸಾಕಾಗುವುದು ಸಣ್ಣ ತಂಡಕ್ಕೆ ದೊಡ್ಡ ಉಳಿತಾಯ. ಆದರೆ ಚಿತ್ರಗಳು ತುಂಬಿದ ಉದ್ದನೆಯ ಪಟ್ಟಿಯನ್ನು ಬೆರಳಿನಿಂದ ಸರ್ರನೆ ಸರಿಸಿ ನೋಡಿ, ತಡವರಿಕೆ ತಿಳಿಯುತ್ತದೆ. ಫೇಸ್‌ಬುಕ್ 2012ರಲ್ಲಿ ತನ್ನ ಐಫೋನ್ ಆ್ಯಪನ್ನು ನೇಟಿವ್ ಆಗಿ ಹೊಸದಾಗಿ ಬರೆದದ್ದು ಇಂಥ ನಿಧಾನಗತಿಯಿಂದಲೇ.

ಒಂದೇ ಕೋಡಿನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಕಟ್ಟುವ ರಿಯಾಕ್ಟ್ ನೇಟಿವ್, ಫ್ಲಟರ್‌ಗಳನ್ನೂ ಹಲವರು ಹೈಬ್ರಿಡ್ ಎನ್ನುತ್ತಾರೆ. ಅದು ಸರಿಯಲ್ಲ; ಅವು ಪರದೆಯನ್ನು ವೆಬ್‌ವ್ಯೂನಲ್ಲಿ ಮೂಡಿಸುವುದಿಲ್ಲ. ಅವಕ್ಕೆ ‘ಕ್ರಾಸ್ ಪ್ಲಾಟ್‌ಫಾರ್ಮ್’ ಎಂಬ ಹೆಸರೇ ಒಪ್ಪುತ್ತದೆ. ಅರ್ಜಿ, ರಸೀದಿ, ವೇಳಾಪಟ್ಟಿಯಂಥ ಕೆಲಸಕ್ಕೆ ಹೈಬ್ರಿಡ್ ಧಾರಾಳ ಸಾಕು. ವರ್ಷಕ್ಕೊಮ್ಮೆ ಫಲಿತಾಂಶ ನೋಡುವುದಕ್ಕೆ ಆ್ಯಪೇ ಬೇಡ, ವೆಬ್ ಇದೆ. ಕ್ಯಾಮೆರಾವನ್ನೇ ನೆಚ್ಚಿಕೊಂಡ ಆ್ಯಪಿಗಾದರೆ ನೇಟಿವ್‌ನ ಖರ್ಚು ಹೊರಲೇಬೇಕು.