ಲಯನ್ಸ್ ಮುನಿಸಿಪಲ್ ಗಾಲ್ಫ್ ಮೈದಾನ

ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್ ನಗರದ ಪಶ್ಚಿಮ ಭಾಗದಲ್ಲಿರುವ ಸಾರ್ವಜನಿಕ ಗಾಲ್ಫ್ ಮೈದಾನ. ಊರವರು ಇದನ್ನು ಕರೆಯುವುದು ‘ಮ್ಯೂನಿ’ ಎಂದು. ಸುಮಾರು 141 ಎಕರೆ ವಿಸ್ತಾರ, 18 ಕುಳಿಗಳು. 1950ರ ಕೊನೆಯಲ್ಲಿ ಕಪ್ಪು ಜನರಿಗೂ ತೆರೆದುಕೊಂಡ ಇದು, ದಕ್ಷಿಣದ ರಾಜ್ಯಗಳಲ್ಲಿ ಜನಾಂಗೀಯ ಪ್ರತ್ಯೇಕತೆಯನ್ನು ಕೈಬಿಟ್ಟ ಮೊದಲ ಪೌರ ಗಾಲ್ಫ್ ಮೈದಾನವೆಂದು ಹೆಸರಾಗಿದೆ.

ನೆಲದ ಕಥೆ ಇನ್ನೂ ಹಳೆಯದು. ಸ್ಯಾನ್ ಆಂಟೋನಿಯೊದ ಬ್ಯಾಂಕರ್ ಜಾರ್ಜ್ ಬ್ರಾಕೆನ್‌ರಿಜ್ 1910ರಲ್ಲಿ ಕೊಲೊರಾಡೊ ನದಿಯ ದಡದ ಸುಮಾರು 500 ಎಕರೆ ಜಮೀನನ್ನು ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ವಿಶ್ವವಿದ್ಯಾಲಯವೇ ಅಲ್ಲಿಗೆ ಬರಲಿ ಎಂಬುದು ಅವರ ಆಸೆಯಾಗಿತ್ತು, ಅದು ಈಡೇರಲಿಲ್ಲ. ಖಾಲಿ ಉಳಿದ ಜಮೀನಿನ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಆಸ್ಟಿನ್ನಿನ ಲಯನ್ಸ್ ಕ್ಲಬ್ 1924ರಲ್ಲಿ ಮೈದಾನ ತೆರೆಯಿತು. 1930ರ ದಶಕದಲ್ಲಿ ಅದರ ಆಡಳಿತ ನಗರಸಭೆಯ ಕೈಗೆ ಬಂತು. ಜಮೀನು ವಿಶ್ವವಿದ್ಯಾಲಯದ್ದು, ಆಟ ಊರಿನದು: ಮುಂದಿನ ಎಲ್ಲ ಜಗಳಗಳ ಬೇರು ಇಲ್ಲಿದೆ.

ಆಗಿನ ಆಸ್ಟಿನ್ ನಗರವನ್ನು 1928ರ ನಗರ ಯೋಜನೆ ಎರಡಾಗಿ ಹೋಳು ಮಾಡಿತ್ತು. ಕಪ್ಪು ಜನರಿಗೆ ಶಾಲೆ, ಉದ್ಯಾನದಂಥ ಸೌಕರ್ಯಗಳನ್ನು ಪೂರ್ವ ಭಾಗದಲ್ಲಷ್ಟೇ ಒದಗಿಸಿ ಅವರ ಕುಟುಂಬಗಳನ್ನು ಅತ್ತ ತಳ್ಳುವುದು ಆ ಯೋಜನೆಯ ಉದ್ದೇಶ. ಪಶ್ಚಿಮದ ಮ್ಯೂನಿಗೆ ಕಪ್ಪು ಹುಡುಗರು ಬರಬಹುದಿತ್ತು, ಆದರೆ ಬೇರೆಯವರ ಕೋಲಿನ ಚೀಲ ಹೊರುವ ಕ್ಯಾಡಿಗಳಾಗಿ ಮಾತ್ರ. 1950ರ ಕೊನೆಯ ಹೊತ್ತಿಗೆ ಅಂಥ ಇಬ್ಬರು ಹುಡುಗರು ಚೀಲ ಹೊರುವುದು ಬಿಟ್ಟು ತಾವೇ ಆಡತೊಡಗಿದರು. ಮೈದಾನದ ಸಿಬ್ಬಂದಿ ನಗರಸಭೆಗೆ ಸುದ್ದಿ ಮುಟ್ಟಿಸಿದರು. ಮೇಯರ್ ಟೇಲರ್ ಗ್ಲಾಸ್ ಮತ್ತು ಸದಸ್ಯೆ ಎಮ್ಮಾ ಲಾಂಗ್ ಮೊದಲಾದವರು ಸಮಾಲೋಚಿಸಿ, ಹುಡುಗರನ್ನು ಆಡಲು ಬಿಡಿ ಎಂದು ತೀರ್ಮಾನಿಸಿದರು. ಬಂಧನವಾಗಲಿಲ್ಲ, ಮೊಕದ್ದಮೆ ನಡೆಯಲಿಲ್ಲ, ನ್ಯಾಯಾಲಯದ ಆದೇಶವೂ ಇರಲಿಲ್ಲ.

ಇದರ ತೂಕ ತಿಳಿಯಬೇಕಾದರೆ ದಕ್ಷಿಣದ ಬೇರೆ ಊರುಗಳನ್ನು ನೋಡಬೇಕು. ಅಟ್ಲಾಂಟಾದ ಪೌರ ಮೈದಾನಗಳು ತೆರೆದದ್ದು 1955ರಲ್ಲಿ, ಅದೂ ಸುಪ್ರೀಂ ಕೋರ್ಟ್ ತನಕ ಹೋದ ಮೇಲೆ. ಅದೇ ವರ್ಷ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ ಆಡಲು ಹೋದ ಆರು ಕಪ್ಪು ಆಟಗಾರರನ್ನು ಪೊಲೀಸರು ಬಂಧಿಸಿದರು. ವೃತ್ತಿಪರ ಗಾಲ್ಫರ್‌ಗಳ ಸಂಘವಾದ ಪಿಜಿಎ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು ತೆಗೆದುಹಾಕಿದ್ದು 1961ರಲ್ಲಿ. ಶಾಲೆಗಳಲ್ಲಿ ಜನಾಂಗೀಯ ಪ್ರತ್ಯೇಕತೆ ಸಲ್ಲದೆಂದ ಸುಪ್ರೀಂ ಕೋರ್ಟಿನ ಪ್ರಸಿದ್ಧ ಬ್ರೌನ್ ತೀರ್ಪೇ 1954ರದು. ಮ್ಯೂನಿ ತೆರೆದುಕೊಂಡ ಮೇಲೆ ಟೆಕ್ಸಸ್‌ನ ಬೇರೆ ನಗರಗಳ ಕಪ್ಪು ಆಟಗಾರರೂ ಆಸ್ಟಿನ್ನಿಗೆ ಬಂದು ಆಡತೊಡಗಿದರು. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿಸ್ ಕೂಡ 1950ರ ದಶಕದಲ್ಲಿ ಇಲ್ಲಿ ಆಡಿದರು.

ಆಟದ ಮಟ್ಟಿಗೂ ಮೈದಾನ ಸಣ್ಣದಲ್ಲ. ಪ್ರಸಿದ್ಧ ಗಾಲ್ಫರ್ ಬೆನ್ ಹೋಗನ್ ಇಲ್ಲಿ ಆಡಿದ ನೆನಪಿಗೆ 16ನೆಯ ಕುಳಿಗೆ ಅವರ ಹೆಸರು ಅಂಟಿಕೊಂಡಿದೆ. ಮುಂದೆ ವೃತ್ತಿಪರ ಗಾಲ್ಫರ್‌ಗಳಾದ ಬೆನ್ ಕ್ರೆನ್‌ಶಾ, ಟಾಮ್ ಕೈಟ್ ಎಳೆಯರಾಗಿದ್ದಾಗ ಇಲ್ಲಿ ಆಡಿದವರು. ಎರಡು ಬಾರಿ ಮಾಸ್ಟರ್ಸ್ ಟೂರ್ನಿ ಗೆದ್ದ ಕ್ರೆನ್‌ಶಾ ಮುಂದೆ ಮೈದಾನ ಉಳಿಸುವ ಹೋರಾಟದ ಪ್ರಮುಖ ದನಿಯಾದರು.

ಆ ಹೋರಾಟ ಶುರುವಾದದ್ದು 1970ರ ದಶಕದ ಆರಂಭದಲ್ಲಿ. ಜಮೀನಿನ ಬೆಲೆ ಏರಿದಂತೆ ವಿಶ್ವವಿದ್ಯಾಲಯ ಅಲ್ಲಿ ಕಟ್ಟಡ ಕಟ್ಟಿಸುವ ಯೋಚನೆ ಮಾಡಿತು. ‘ಮ್ಯೂನಿ ಉಳಿಸಿ’ ಎಂದು ಊರವರು ಎದ್ದರು. 1980ರ ದಶಕದ ಕೊನೆಯಲ್ಲಾದ ಒಪ್ಪಂದ ಗುತ್ತಿಗೆಯನ್ನು 2019ರವರೆಗೆ ಮುಂದುವರಿಸಿತು. ಅದರಾಚೆ ನವೀಕರಿಸುವುದಿಲ್ಲವೆಂದು 2011ರಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ನಿರ್ಣಯಿಸಿತು. ಮೊದಮೊದಲು ವಾದವೆಲ್ಲ ಹಸಿರು, ಮರ, ಅಗ್ಗದ ಆಟದ ಸುತ್ತಲೇ ಇತ್ತು. 1950ರ ಘಟನೆಗೆ ಪುರಾವೆ ಕಲೆಹಾಕಿ ಅದನ್ನು ಹೋರಾಟದ ನಡುಮಧ್ಯಕ್ಕೆ ತಂದದ್ದು ಆಮೇಲಿನ ಕೆಲಸ, ಇಡೀ ಚಳವಳಿಯಲ್ಲಿ ಅತ್ಯಂತ ಬೆಲೆಯುಳ್ಳ ಕೆಲಸವೂ ಅದೇ.

ಈ ನೆನಪನ್ನು ಜೀವಂತವಾಗಿ ಇಟ್ಟವರಲ್ಲಿ ಶಿಕ್ಷಕ ಜನರಲ್ ಮಾರ್ಷಲ್ ಒಬ್ಬರು. ‘ಜನರಲ್’ ಅವರ ಹೆಸರು, ಸೇನೆಯ ಪದವಿಯಲ್ಲ. ಪೂರ್ವ ಆಸ್ಟಿನ್ನಿನಲ್ಲಿರುವ, ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಹ್ಯೂಸ್ಟನ್-ಟಿಲಟ್ಸನ್ ವಿಶ್ವವಿದ್ಯಾಲಯದಲ್ಲಿ ಅವರು ಗಣಿತ ಕಲಿಸಿದರು; ಮ್ಯೂನಿಯ ಹಳೆಯ ಆಟಗಾರರಾಗಿ ಅದರ ಉಳಿವಿಗೆ ಬಹಿರಂಗವಾಗಿ ಮಾತನಾಡಿದರು. ಪ್ರತ್ಯೇಕತೆಯ ಕಾಲವನ್ನು ಕಂಡ ಮೇಷ್ಟರೊಬ್ಬರು ಎದುರು ನಿಂತು ಹೇಳಿದಾಗ ಇತಿಹಾಸ ಬರೀ ಕಡತದ ಮಾತಾಗಿ ಉಳಿಯುವುದಿಲ್ಲ. ಆಸ್ಟಿನ್ನಿನ ಒಂದು ಮಾಧ್ಯಮಿಕ ಶಾಲೆಗೆ ಈಗ ಅವರ ಹೆಸರಿದೆ.

2016ರಲ್ಲಿ ಮೈದಾನ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ದಾಖಲೆಗೆ ಸೇರಿತು. ಅದೇ ವರ್ಷ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್, ದೇಶದಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವ 11 ತಾಣಗಳಲ್ಲಿ ಇದನ್ನೂ ಹೆಸರಿಸಿತು. 2019ರಲ್ಲಿ ಗುತ್ತಿಗೆ ಮುಗಿಯುವ ಹೊತ್ತಿಗೆ ಮೈದಾನ ಮುಚ್ಚಲಿಲ್ಲ; ಅಲ್ಪಾವಧಿಯ ವಿಸ್ತರಣೆಗಳ ಮೇಲೆ ಆಟ ಮುಂದುವರಿಯಿತು. ರಾಷ್ಟ್ರೀಯ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನಿನ ಒಡೆಯರ ಕೈ ಕಟ್ಟಿದಂತಾಗುವುದಿಲ್ಲ.